ಮನೆ ಮೊಸರಾ, ಇಡ್ಲಿ ಹಿಟ್ಟಾ, ಮೆಡಿಕಲ್ ಶಾಪಿನ ಪೊಟ್ಟಣವಾ? ಹೊಟ್ಟೆಗೆ ಒಳ್ಳೆ ಬ್ಯಾಕ್ಟೀರಿಯಾ ಆರಿಸಿಕೊಳ್ಳುವ ಬಗೆ

ಹೋದ ತಿಂಗಳು ಅಕ್ಕ ಫೋನ್ ಮಾಡಿದ್ದಳು. ಮಗನಿಗೆ ಗಂಟಲು ನೋವು, ಡಾಕ್ಟರು ಆಂಟಿಬಯೋಟಿಕ್ ಬರೆದುಕೊಟ್ಟಿದ್ದಾರೆ, ಎರಡನೇ ದಿನಕ್ಕೇ ಹೊಟ್ಟೆ ಕೆಟ್ಟಿದೆ. ಮೆಡಿಕಲ್ ಶಾಪಿನಲ್ಲಿ ಪ್ರೋಬಯೋಟಿಕ್ ಪುಡಿಯ ಪೊಟ್ಟಣ ಕೊಟ್ಟಿದ್ದಾರೆ. "ಇದಕ್ಕೆ ಇಷ್ಟು ದುಡ್ಡು ಯಾಕೆ ಕೊಡಬೇಕು? ಮನೆ ಮೊಸರಲ್ಲಿ ಇರೋದೂ ಅದೇ ಅಲ್ವೇನೇ?" ಅಂತ ಕೇಳಿದಳು. ಮೈಕ್ರೋಬಯಾಲಜಿ ಓದಿದವಳು ಅಂತ ಮನೆಯಲ್ಲಿ ಇಂಥ ಪ್ರಶ್ನೆಗಳೆಲ್ಲ ನನ್ನ ಹತ್ತಿರವೇ ಬರುತ್ತವೆ.

ಅದೇ ಅಲ್ಲ. ಹಾಗಂತ ಮೊಸರು ಕಡಿಮೆ ಅಂತಲೂ ಅಲ್ಲ. ಮೊಸರು ಮಾಡುವ ಕೆಲಸ ಬೇರೆ, ಪೊಟ್ಟಣ ಮಾಡಬೇಕಾದ ಕೆಲಸ ಬೇರೆ. ಇಡ್ಲಿ, ಉಪ್ಪಿನಕಾಯಿ, ತಂಗಳನ್ನ ಎಲ್ಲವನ್ನೂ "ಪ್ರೋಬಯೋಟಿಕ್" ಅಂತ ಒಂದೇ ಬುಟ್ಟಿಗೆ ಹಾಕುವ ಅಭ್ಯಾಸ ಈಗ ಜಾಸ್ತಿ ಆಗಿದೆ. ಅದಕ್ಕೇ ಅವಳಿಗೆ ಹೇಳಿದ್ದನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ತಳಿಯ ವಿಷಯ

2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರು ಸೇರಿ ಪ್ರೋಬಯೋಟಿಕ್ ಅಂದರೆ ಏನು ಅಂತ ಗೆರೆ ಎಳೆದರು. ಅದು ಜೀವಂತ ಇರಬೇಕು, ಸಾಕಷ್ಟು ಪ್ರಮಾಣದಲ್ಲಿ ಹೊಟ್ಟೆಗೆ ಹೋಗಬೇಕು, ತಿಂದವರಿಗೆ ಆರೋಗ್ಯಕ್ಕೆ ಲಾಭ ಆಗಬೇಕು. ಮೊದಲ ಎರಡು ನಮ್ಮ ಅಡುಗೆಮನೆಯಲ್ಲೇ ಸಿಗುತ್ತವೆ. ಮೂರನೆಯದು ಕಷ್ಟ. ಲಾಭ ಆಯಿತು ಅನ್ನುವುದನ್ನು ಮನುಷ್ಯರ ಮೇಲೆ ಪರೀಕ್ಷೆ ಮಾಡಿ ತೋರಿಸಬೇಕು, ಅದೂ ಒಂದೊಂದು ತಳಿಗೆ ಬೇರೆ ಬೇರೆ.

ತಳಿ ಅಂದರೆ ಮಾವಿನ ತಳಿ ಇದ್ದ ಹಾಗೆ. ರಸಪುರಿ, ತೋತಾಪುರಿ, ಬಾದಾಮಿ ಎಲ್ಲವೂ ಒಂದೇ ಜಾತಿಯ ಮರ. ಆದರೆ ರಸಪುರಿ ಹಾಕಿ ಯಾರೂ ಮಿಡಿ ಉಪ್ಪಿನಕಾಯಿ ಮಾಡಲ್ಲ, ಅದಕ್ಕೆ ಅಪ್ಪೆಮಿಡಿಯೇ ಬೇಕು. ಅಪ್ಪೆಯಲ್ಲೂ ಒಂದೊಂದು ಮರದ್ದು ಒಂದೊಂದು ಪರಿಮಳ. ಬ್ಯಾಕ್ಟೀರಿಯಾದಲ್ಲಿ ಒಂದೇ ಜಾತಿಯ ಒಳಗಿನ ಈ ವ್ಯತ್ಯಾಸ ಮಾವಿಗಿಂತ ಎಷ್ಟೋ ಜಾಸ್ತಿ. ಇ. ಕೋಲಿಯನ್ನೇ ನೋಡಿ. ಅದರ ಎಷ್ಟೋ ತಳಿಗಳು ನಮ್ಮ ಕರುಳಲ್ಲಿ ಯಾವ ತೊಂದರೆಯೂ ಕೊಡದೆ ಇರುತ್ತವೆ. ಒ157 ಅನ್ನುವ ತಳಿ ಬಂದರೆ ರಕ್ತಭೇದಿ. ಎರಡಕ್ಕೂ ಜಾತಿಯ ಹೆಸರು ಒಂದೇ, ಒಳಗಿರುವ ಜೀನ್‌ಗಳು ಬೇರೆ.

ಆದ್ದರಿಂದ "ಇದರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಇದೆ" ಅಂದರೆ "ಇದು ಮಾವಿನ ಹಣ್ಣು" ಅಂದಷ್ಟೇ ತಿಳಿಯಿತು. 2020ರಲ್ಲಿ ಆ ಲ್ಯಾಕ್ಟೋಬ್ಯಾಸಿಲಸ್ ಕುಲವನ್ನೇ, ಅಂದರೆ ಹುಳಿ ಬರಿಸುವ ಬ್ಯಾಕ್ಟೀರಿಯಾ ಜಾತಿಗಳ ಒಂದು ದೊಡ್ಡ ಗುಂಪನ್ನೇ, ಒಡೆದು 25 ಕುಲ ಮಾಡಿದ್ದಾರೆ, ಯಾಕೆಂದರೆ ಅದರ ಕೆಳಗೆ ಸೇರಿಸಿದ್ದ 261 ಜಾತಿಗಳ ಜೀನೋಮ್ (ಪೂರ್ತಿ ಡಿಎನ್‌ಎ) ಓದಿ ನೋಡಿದಾಗ ಅವು ಒಂದಕ್ಕೊಂದು ಅಷ್ಟು ದೂರದವು ಅಂತ ಗೊತ್ತಾಯಿತು. ಡಬ್ಬಿಯ ಮೇಲೆ ಲ್ಯಾಕ್ಟಿಕೇಸಿಬ್ಯಾಸಿಲಸ್, ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಅಂತೆಲ್ಲ ಉದ್ದ ಹೆಸರು ಕಂಡರೆ ಗಾಬರಿ ಬೇಡ. ಹಳಬರೇ, ಹೊಸ ಹೆಸರು ಅಷ್ಟೇ.

ಮನೆ ಮೊಸರು

ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ. ನಾವು ದಿನಾ ತಿನ್ನುವುದು ಇದನ್ನೇ, ಮತ್ತು ವೈವಿಧ್ಯ ಅನ್ನುವುದು ಕಣ್ಣಿಗೆ ಕಾಣುವುದೂ ಇದರಲ್ಲೇ.

ನನ್ನ ಹೆಪ್ಪು ಸಾಗರದ ನಮ್ಮ ಮನೆಯಿಂದ ಬಂದದ್ದು. ಬೆಂಗಳೂರಿಗೆ ತಂದು ವರ್ಷಗಳಾಗಿವೆ. ಚಳಿಗಾಲದಲ್ಲಿ ಕೆಲವು ದಿನ ಬೆಳಿಗ್ಗೆ ಸೌಟು ಹಾಕಿ ಎತ್ತಿದರೆ ಮೊಸರು ಸೌಟಿನಿಂದ ಪಾತ್ರೆವರೆಗೆ ನೂಲಿನ ಹಾಗೆ ಎಳೆ ಬಿಡುತ್ತದೆ. ಮೊದಲ ಸಲ ಹಾಗಾದಾಗ ಯಜಮಾನರು ಕೆಟ್ಟುಹೋಗಿದೆ ಅಂತ ಚೆಲ್ಲಲು ಹೊರಟಿದ್ದರು. ವಾಸನೆ ನೋಡಿದೆ, ಚೆನ್ನಾಗಿತ್ತು. ರುಚಿಯೂ ಸಿಹಿಮೊಸರಿನದ್ದೇ. ಆ ಎಳೆ ಏನು ಅಂದರೆ ಲ್ಯಾಕ್ಟೋಕಾಕಸ್ ಬ್ಯಾಕ್ಟೀರಿಯಾದ ಕೆಲವು ತಳಿಗಳು ತಮ್ಮ ಸುತ್ತ ಕಟ್ಟಿಕೊಳ್ಳುವ ಸಕ್ಕರೆಯ ಸರಪಳಿ. ಅದನ್ನು ಕಟ್ಟುವ ಜೀನ್‌ಗಳು ಈ ಬ್ಯಾಕ್ಟೀರಿಯಾದಲ್ಲಿ ಸಾಮಾನ್ಯವಾಗಿ ಮುಖ್ಯ ಕ್ರೋಮೋಸೋಮಿನಲ್ಲಿ ಇರುವುದಿಲ್ಲ, ಪ್ಲಾಸ್ಮಿಡ್ ಅನ್ನುವ ಪುಟ್ಟ ಬಿಡಿ ಡಿಎನ್‌ಎ ಬಳೆಯಲ್ಲಿ ಇರುತ್ತವೆ. ಬ್ಯಾಕ್ಟೀರಿಯಾ ಒಡೆದು ಎರಡಾಗುವಾಗ ಒಮ್ಮೊಮ್ಮೆ ಆ ಬಳೆ ಒಂದು ಮರಿಗೆ ಸಿಗುವುದೇ ಇಲ್ಲ. ಅಲ್ಲಿಗೆ ಆ ವಂಶದಲ್ಲಿ ಎಳೆಯೂ ಮುಗಿಯಿತು. ಫಿನ್ಲೆಂಡಿನಲ್ಲಿ ವಿಲಿ ಅನ್ನುವ ಮೊಸರಿಗೆ ಈ ಎಳೆಯೇ ಹೆಗ್ಗಳಿಕೆ, ಅಲ್ಲಿ ಬೇಕು ಅಂತಲೇ ಆ ತಳಿ ಉಳಿಸಿಕೊಳ್ಳುತ್ತಾರೆ.

ಕೆಟ್ಟ ವಾಸನೆ, ಕಹಿ, ಗುಲಾಬಿ ಬಣ್ಣ, ಬೂಷ್ಟು, ಇವುಗಳಲ್ಲಿ ಯಾವುದು ಕಂಡರೂ ಮಾತ್ರ ಚೆಲ್ಲಿಬಿಡಿ. ಮೇಲಿನದ್ದಷ್ಟೇ ತೆಗೆದು ತಿನ್ನಬೇಡಿ.

ಎಳೆ ಚಳಿಯಲ್ಲೇ ಯಾಕೆ ಬರುತ್ತದೆ? ಲ್ಯಾಕ್ಟೋಕಾಕಸ್‌ಗೆ 25ರಿಂದ 30 ಡಿಗ್ರಿ ಇಷ್ಟ. ಹಾಲು 40 ಡಿಗ್ರಿ ದಾಟಿ ಬೆಚ್ಚಗಿರುವಾಗ ಹೆಪ್ಪು ಹಾಕಿ ಪಾತ್ರೆಯನ್ನು ಟವಲಿನಲ್ಲಿ ಸುತ್ತಿಟ್ಟರೆ ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಮತ್ತು ಬಲ್ಗೇರಿಕಸ್ ಥರದವು ಮೇಲುಗೈ ಸಾಧಿಸುತ್ತವೆ. ಅಂದರೆ ನೀವು ಹಾಲನ್ನು ಎಷ್ಟು ಆರಿಸುತ್ತೀರಿ ಅನ್ನುವುದರಲ್ಲೇ ಯಾರು ಬೆಳೆಯಬೇಕು ಅನ್ನುವುದೂ ಬಹುಪಾಲು ತೀರ್ಮಾನ ಆಗುತ್ತದೆ. ಪಕ್ಕದ ಮನೆಯ ಮೊಸರು ಬೇರೆ ರುಚಿ ಬರುವುದಕ್ಕೆ ಇದೂ ಒಂದು ಕಾರಣ. ಅವರ ಹೆಪ್ಪಿನಲ್ಲಿ ಇರುವ ತಳಿಗಳೂ ಬೇರೆ, ಅವುಗಳನ್ನು ಸಾಕುವ ಕ್ರಮವೂ ಬೇರೆ.

ಹೆಪ್ಪು ಇಲ್ಲದಾಗ ಮೆಣಸಿನಕಾಯಿ ತೊಟ್ಟು ಹಾಕುತ್ತಾರಲ್ವಾ, ಅದು ಸುಮ್ನೆ ಮಾತಲ್ಲ. ಗಿಡದ ಮೇಲೆ ಹುಳಿ ಬರಿಸುವ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ. ಆದರೆ ತೊಟ್ಟಿನ ಜೊತೆ ಇನ್ನೇನೇನು ಬರುತ್ತದೋ ಹೇಳಲಾಗದು. ಮಕ್ಕಳಿರುವ ಮನೆಯಲ್ಲಿ ಪಕ್ಕದವರ ಹತ್ತಿರ ಒಂದು ಚಮಚ ಹೆಪ್ಪು ಕೇಳಿ ತರುವುದು ಮೇಲು.

ಲೆಕ್ಕಕ್ಕೆ ಬಂದರೂ ಮೊಸರು ಸೋಲುವುದಿಲ್ಲ. ಯೋಗರ್ಟಿಗೆ ಇರುವ ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದಲ್ಲಿ ಗ್ರಾಂಗೆ ಕನಿಷ್ಠ 1 ಕೋಟಿ ಜೀವಂತ ಬ್ಯಾಕ್ಟೀರಿಯಾ ಬೇಕು. ಚೆನ್ನಾಗಿ ಹೆಪ್ಪಾದ ತಾಜಾ ಮೊಸರು ಆ ಮಟ್ಟ ಮುಟ್ಟಿದರೆ 100 ಗ್ರಾಂ ಬಟ್ಟಲಿಗೆ 100 ಕೋಟಿ ಆಯಿತು. ಕೊರತೆ ಸಂಖ್ಯೆಯದ್ದಲ್ಲ. ಆ ಕೋಟಿಗಳು ಯಾವ ತಳಿಯವು, ಇವತ್ತು ಇದ್ದವು ನಾಳೆಯ ಹೆಪ್ಪಿನಲ್ಲೂ ಇರುತ್ತವಾ ಅನ್ನುವುದು ಯಾರಿಗೂ ಗೊತ್ತಿಲ್ಲದ್ದು. ಹಾಗಾಗಿ "ಇಂಥ ಕಾಯಿಲೆಗೆ ನಮ್ಮನೆ ಮೊಸರು" ಅಂತ ಹೇಳುವ ಹಾಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ಧೈರ್ಯವಾಗಿ ಹೇಳಬಹುದು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಮೊಸರು ಒಗ್ಗುತ್ತದೆ. ಥರ್ಮೋಫಿಲಸ್ ಮತ್ತು ಬಲ್ಗೇರಿಕಸ್ ತಮ್ಮ ಒಳಗೆ ಹಾಲಿನ ಸಕ್ಕರೆ ಒಡೆಯುವ ಕಿಣ್ವ ಇಟ್ಟುಕೊಂಡಿರುತ್ತವೆ. ಹೊಟ್ಟೆಯ ಆಮ್ಲ ದಾಟುವವರೆಗೆ ಅವುಗಳ ಗೋಡೆ ಆ ಕಿಣ್ವವನ್ನು ಕಾಪಾಡುತ್ತದೆ. ಸಣ್ಣ ಕರುಳಲ್ಲಿ ಪಿತ್ತರಸ ತಗುಲಿ ಗೋಡೆ ಸಡಿಲವಾದಾಗ ಕಿಣ್ವಕ್ಕೆ ಕೆಲಸ ಸಿಗುತ್ತದೆ. ಬ್ಯಾಕ್ಟೀರಿಯಾ ಅಲ್ಲಿ ಬೀಡುಬಿಡಬೇಕಾಗಿಲ್ಲ, ಸತ್ತರೂ ಕೆಲಸ ಆಗಿರುತ್ತದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2010ರಲ್ಲಿ ಒಪ್ಪಿದ್ದು ಇದನ್ನೇ, ಗ್ರಾಂಗೆ 10 ಕೋಟಿ ಇರಬೇಕು ಅನ್ನುವ ಷರತ್ತಿನ ಮೇಲೆ.

ಪ್ಯಾಕೆಟ್ ಮೊಸರಿನಲ್ಲೂ ಜೀವಂತ ಬ್ಯಾಕ್ಟೀರಿಯಾ ಇರುತ್ತವೆ. ಪಾಶ್ಚರೀಕರಿಸಿದ ಮೇಲೆ ಆಯ್ದ ಕೆಲವೇ ತಳಿಗಳ ಹೆಪ್ಪು ಹಾಕಿರುತ್ತಾರೆ, ಅದಕ್ಕೇ ಪ್ರತಿ ಪ್ಯಾಕೆಟ್ಟೂ ಒಂದೇ ರುಚಿ. ವೈವಿಧ್ಯ ಕಡಿಮೆ, ಭರವಸೆ ಜಾಸ್ತಿ. ಆದರೆ ಫ್ರಿಜ್ಜಿನ ಹೊರಗೆ ತಿಂಗಳುಗಟ್ಟಲೆ ಇಡಬಹುದಾದ ಟೆಟ್ರಾ ಪ್ಯಾಕ್ ಮಜ್ಜಿಗೆಯನ್ನು ಈ ಪಟ್ಟಿಯಿಂದ ತೆಗೆದುಬಿಡಿ, ಅದನ್ನು ಬಿಸಿ ಮಾಡಿ ಮುಚ್ಚಿರುತ್ತಾರೆ. ಬಾಯಾರಿಕೆಗೆ ಒಳ್ಳೆಯದು, ಬ್ಯಾಕ್ಟೀರಿಯಾಕ್ಕಾಗಿ ಅಲ್ಲ.

ಮೊಸರಿನ ಅಡುಗೆಗಳಲ್ಲಿ ಯಾವುದು?

ಬಿಸಿ ತಗುಲಿತಾ ಇಲ್ವಾ, ಅಷ್ಟು ನೋಡಿ ಸಾಕು. ಮಜ್ಜಿಗೆ ಹುಳಿ ಕುದಿಯುತ್ತದೆ, ಬ್ಯಾಕ್ಟೀರಿಯಾ ಮುಗಿದವು. ತಂಬುಳಿಗೆ ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ರುಬ್ಬಿ ಮಜ್ಜಿಗೆಗೆ ಬೆರೆಸುತ್ತೇವೆ, ಕುದಿಸುವುದಿಲ್ಲ, ಒಂದು ಚಮಚ ಒಗ್ಗರಣೆಯಿಂದ ಪಾತ್ರೆಯೆಲ್ಲ ಕಾಯುವುದೂ ಇಲ್ಲ. ಅದು ಜೀವಂತ ಅಡುಗೆ. ಮೊಸರನ್ನಕ್ಕೆ ಅನ್ನ ಆರಿದ ಮೇಲೆ ಮೊಸರು ಕಲಸಿ, ಹಬೆಯಾಡುವ ಅನ್ನಕ್ಕೆ ಹಾಕಬೇಡಿ. ರಾಗಿ ಅಂಬಲಿಗೂ ಇದೇ ಮಾತು. ಗಂಜಿ ಬೆರಳಿಗೆ ಹಿತವಾಗುವಷ್ಟು ಆರಲಿ, ಆಮೇಲೆ ಮಜ್ಜಿಗೆ.

ಇಡ್ಲಿ, ದೋಸೆ

"ಇಡ್ಲಿ ಪ್ರೋಬಯೋಟಿಕ್" ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. ಹಿಟ್ಟು ನಿಜವಾಗಿಯೂ ಬ್ಯಾಕ್ಟೀರಿಯಾದ ಜಾತ್ರೆ. ಲ್ಯೂಕೊನೋಸ್ಟಾಕ್ ಮೆಸೆಂಟರಾಯ್ಡಿಸ್ ಅನ್ನುವುದು ಮೊದಲು ಎದ್ದು ಗಾಳಿ ಬಿಟ್ಟು ಹಿಟ್ಟನ್ನು ಉಬ್ಬಿಸುತ್ತದೆ, ಎಂಟರೊಕಾಕಸ್, ಪೀಡಿಯೊಕಾಕಸ್ ಜೊತೆಗೂಡಿ ಹುಳಿ ಏರಿಸುತ್ತವೆ. ಇದನ್ನು 1960ರ ದಶಕದಲ್ಲೇ ಸಂಶೋಧಕರು ಬರೆದಿಟ್ಟಿದ್ದಾರೆ. ಆದರೆ ಇಡ್ಲಿ ಪಾತ್ರೆಯ ಹಬೆಯಲ್ಲಿ ಹತ್ತು ನಿಮಿಷ ಕೂತ ಮೇಲೆ ಇವು ಉಳಿಯುವುದಿಲ್ಲ. ದೋಸೆ ಕಾವಲಿಯಲ್ಲಂತೂ ಕೇಳುವುದೇ ಬೇಡ.

ಇಡ್ಲಿಯ ಒಳ್ಳೆಯದು ಬೇರೆ ಕಡೆ ಇದೆ. ಹುದುಗು ಬರುವಾಗ ಕಬ್ಬಿಣ, ಸತುವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕಡಿಮೆ ಆಗುತ್ತದೆ, ಹಿಟ್ಟು ಹಗುರವಾಗುತ್ತದೆ. ಬೇಯಿಸಿದರೂ ಆ ಲಾಭ ಉಳಿಯುತ್ತದೆ. ಜೀವಂತ ಬ್ಯಾಕ್ಟೀರಿಯಾ ಬೇಕು ಅಂತ ಹಸಿ ಹಿಟ್ಟು ಕುಡಿಯುವ ಸಾಹಸ ಮಾತ್ರ ಬೇಡ. ಹಸಿ ಉದ್ದು, ಹಸಿ ಅಕ್ಕಿ ಹೊಟ್ಟೆಗೆ ಒಗ್ಗುವುದಿಲ್ಲ, ಹಿಟ್ಟಿನಲ್ಲಿ ಬೇಡದವೂ ಇರುತ್ತವೆ.

ಉಪ್ಪಿನಕಾಯಿ

ನಮ್ಮ ಮಿಡಿ ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದಿರುವುದು ಉಪ್ಪಿನಿಂದ. ಮಿಡಿ ಸುಕ್ಕುಗಟ್ಟುವವರೆಗೆ ಕಲ್ಲುಪ್ಪಿನಲ್ಲಿ ಹೂತಿಡುತ್ತೇವೆ. ಅಷ್ಟು ಉಪ್ಪಿನಲ್ಲಿ ಕೆಟ್ಟ ಬ್ಯಾಕ್ಟೀರಿಯಾಕ್ಕೂ ಜಾಗ ಇಲ್ಲ, ಒಳ್ಳೆಯದಕ್ಕೂ ಹೆಚ್ಚು ಜಾಗ ಇಲ್ಲ. ಜರ್ಮನ್ನರು ಎಲೆಕೋಸಿನಲ್ಲಿ ಮಾಡುವ ಸೌರ್‌ಕ್ರಾಟ್‌ಗೆ ಹಾಕುವುದು 2ರಿಂದ 2.5 ಶೇಕಡಾ ಉಪ್ಪು, ಅಲ್ಲಿ ಬ್ಯಾಕ್ಟೀರಿಯಾ ಸೊಂಪಾಗಿ ಬೆಳೆಯುತ್ತವೆ. ಉತ್ತರ ಭಾರತದಲ್ಲಿ ಕಪ್ಪು ಗಜ್ಜರಿಗೆ ಸಾಸಿವೆ ಹಾಕಿ ಮಾಡುವ ಕಾಂಜಿಯೂ ಈ ಸಾಲಿನದ್ದೇ. ಹಾಲು ಉತ್ಪನ್ನ ತಿನ್ನದವರಿಗೆ ಕಾಂಜಿ ಒಳ್ಳೆಯ ಆಯ್ಕೆ, ಬೀಟ್‌ರೂಟಿನಲ್ಲೂ ಮಾಡಬಹುದು. ಉಪ್ಪಿನಕಾಯಿಯನ್ನು ರುಚಿಗೆ ತಿನ್ನಿ, ಬಿಪಿ ಇರುವವರು ಪ್ರೋಬಯೋಟಿಕ್ ಹೆಸರಿನಲ್ಲಿ ಎರಡನೇ ಮಿಡಿ ಹಾಕಿಸಿಕೊಳ್ಳಬೇಡಿ.

ತಂಗಳನ್ನ

ಬೇಸಿಗೆಯಲ್ಲಿ ತಂಗಳನ್ನಕ್ಕೆ ಮಜ್ಜಿಗೆ, ಈರುಳ್ಳಿ, ಹಸಿಮೆಣಸು. ನನಗೂ ಇಷ್ಟ. ಆದರೆ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು (ಗಟ್ಟಿ ಕವಚದೊಳಗೆ ಮಲಗಿರುವ ರೂಪ) ಬೇಯಿಸಿದರೂ ಸಾಯದೆ ಉಳಿಯಬಹುದು. ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಪಾತ್ರೆಯಲ್ಲೇ ಕೂತರೆ ಅವು ಮೊಳೆತು ವಿಷ ಬಿಡುತ್ತವೆ, ವಾಂತಿ ಬರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅನ್ನವನ್ನು ಬೇಗ ಆರಿಸಿ, ತಣ್ಣೀರು ಹಾಕುವಾಗಲೇ ಎರಡು ಚಮಚ ಹುಳಿ ಮಜ್ಜಿಗೆ ಬೆರೆಸಿ. ಹುಳಿ ಬೇಗ ಏರಿದರೆ ಆ ಬ್ಯಾಸಿಲಸ್‌ಗೆ ಬೆಳೆಯಲು ಕಷ್ಟ. ಚಿಕ್ಕ ಮಕ್ಕಳಿಗೆ, ಗರ್ಭಿಣಿಯರಿಗೆ ಇದು ಬೇಡ.

ಬಾಟಲಿ, ಪೊಟ್ಟಣ, ಕ್ಯಾಪ್ಸೂಲ್

ಇಲ್ಲಿ ನೀವು ದುಡ್ಡು ಕೊಡುವುದು ತಳಿಯ ಹೆಸರಿಗೆ. ಯಾಕುಲ್ಟ್ ಅನ್ನುವ ಹುದುಗಿಸಿದ ಹಾಲಿನ ಪಾನೀಯದಲ್ಲಿ ಇರುವುದು ಶಿರೋಟಾ ಅನ್ನುವ ಒಂದೇ ತಳಿ, ಜಪಾನಿನ ಮಿನೋರು ಶಿರೋಟಾ 1930ರಲ್ಲಿ ಬೆಳೆಸಿದ್ದು. 65 ಮಿಲಿ ಬಾಟಲಿಗೆ 650 ಕೋಟಿ. ಜೊತೆಗೆ ಸಕ್ಕರೆಯೂ ಇದೆ, ಮರೆಯಬೇಡಿ. ರಾಮ್ನೋಸಸ್ ಜಿಜಿ ಅನ್ನುವ ಬ್ಯಾಕ್ಟೀರಿಯಾ ತಳಿ 1980ರ ದಶಕದಲ್ಲಿ ಆರೋಗ್ಯವಂತ ಮನುಷ್ಯನ ಕರುಳಿನಿಂದ ತೆಗೆದದ್ದು. ಸ್ಯಾಕರೊಮೈಸಿಸ್ ಬೌಲಾರ್ಡಿ ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್. ಫ್ರಾನ್ಸಿನ ಹೆನ್ರಿ ಬೌಲಾರ್ಡ್ 1920ರ ದಶಕದಲ್ಲಿ ಇಂಡೋಚೈನಾದ ಹಣ್ಣುಗಳಿಂದ ಬೇರ್ಪಡಿಸಿದ್ದು. ಯೀಸ್ಟ್ ಆದ್ದರಿಂದ ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯೋಟಿಕ್ ಅದನ್ನು ಏನೂ ಮಾಡುವುದಿಲ್ಲ.

ಆಂಟಿಬಯೋಟಿಕ್‌ನಿಂದ ಮಕ್ಕಳಿಗೆ ಬರುವ ಭೇದಿ ತಡೆಯಲು ಯುರೋಪಿನ ಮಕ್ಕಳ ಜೀರ್ಣಾಂಗ ತಜ್ಞರ ಸಂಘ 2016ರಲ್ಲಿ ಹೆಸರಿಸಿದ್ದು ಈ ಕೊನೆಯ ಎರಡನ್ನೇ, ಅದೂ ಪ್ರೋಬಯೋಟಿಕ್ ಕೊಡಲೇಬೇಕಾದ ಕಾರಣ ಇದ್ದಾಗ. ಔಷಧಿಯ ಜೊತೆಗೇ ಶುರು ಮಾಡಬೇಕು, ಭೇದಿ ಶುರುವಾಗಿ ನಾಲ್ಕು ದಿನ ಆದ ಮೇಲೆ ಅಲ್ಲ. ನಮ್ಮಲ್ಲಿ ಪುಟ್ಟ ಪ್ಲಾಸ್ಟಿಕ್ ಸೀಸೆಯಲ್ಲಿ ಬರುವ ಬ್ಯಾಸಿಲಸ್ ಕ್ಲಾಸಿ ತುಂಬ ಬಳಕೆಯಲ್ಲಿದೆ, ಬೀಜಕಣ ಆದ್ದರಿಂದ ಆಮ್ಲಕ್ಕೆ ಜಗ್ಗುವುದಿಲ್ಲ, ಆದರೆ ಸಾಕ್ಷ್ಯ ಆ ಎರಡರಷ್ಟು ಗಟ್ಟಿ ಇಲ್ಲ.

ಎಲ್ಲ ಪ್ರೋಬಯೋಟಿಕ್ ಆಂಟಿಬಯೋಟಿಕ್ ಆದ ಮೇಲೆ ಒಳ್ಳೆಯದೇ ಅಂತಲೂ ಅಂದುಕೊಳ್ಳಬೇಡಿ. 2018ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಹಲವು ತಳಿಗಳ ಮಿಶ್ರಣವನ್ನು ಆಂಟಿಬಯೋಟಿಕ್ ಮುಗಿಸಿದವರಿಗೆ ಕೊಟ್ಟು ನೋಡಿದಾಗ, ಅವರ ಕರುಳಿನ ಸ್ವಂತ ಬ್ಯಾಕ್ಟೀರಿಯಾ ವಾಪಸ್ ಬರುವುದು ತಡವಾಯಿತು.

ಲೇಬಲ್ ಓದುವಾಗ ಮೂರು ಪದದ ಹೆಸರು ಹುಡುಕಿ. ಕುಲ, ಜಾತಿ, ಕೊನೆಗೆ ತಳಿಯ ಅಕ್ಷರವೋ ಸಂಖ್ಯೆಯೋ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲಿ ತಂದ ಮಾರ್ಗಸೂಚಿಯೂ ತಳಿಯ ಹೆಸರು ಮತ್ತು ಅವಧಿ ಮುಗಿಯುವ ದಿನಕ್ಕೆ ಎಷ್ಟು ಜೀವಂತ ಇರುತ್ತವೆ ಅನ್ನುವ ಲೆಕ್ಕ ಕೇಳುತ್ತದೆ. ತಯಾರಿಸಿದ ದಿನದ ಲೆಕ್ಕ ಇಟ್ಟುಕೊಂಡು ನಮಗೇನು ಉಪಯೋಗ? ತಂಪಿನಲ್ಲಿ ಇಡಬೇಕು ಅಂತ ಬರೆದದ್ದನ್ನು ಅಂಗಡಿಯವರು ಬಿಸಿಲು ಬೀಳುವ ಕಪಾಟಿನಲ್ಲಿ ಇಟ್ಟಿದ್ದರೆ ವಾಪಸ್ ಬನ್ನಿ.

"ಸಾಂಪ್ರದಾಯಿಕ ಆಹಾರದಲ್ಲಿ ಪ್ರೋಬಯೋಟಿಕ್ ಪತ್ತೆ" ಅಂತ ಸುದ್ದಿ ಬಂದರೆ

ಇಂಥ ಸುದ್ದಿ ಓದುವಾಗ ನನಗೆ ಖುಷಿಯೂ ಆಗುತ್ತದೆ, ಆತಂಕವೂ ಆಗುತ್ತದೆ. ಲ್ಯಾಬಿನಲ್ಲಿ ಆಗುವುದು ಹೀಗೆ. ಹಿಟ್ಟನ್ನೋ ಮೊಸರನ್ನೋ ತೆಳು ಮಾಡಿ ತಟ್ಟೆಯಲ್ಲಿ ಬೆಳೆಸುತ್ತಾರೆ. ಬಿಳಿ ಚುಕ್ಕೆಗಳು ಏಳುತ್ತವೆ, ಸಾಸಿವೆಗಿಂತ ಸಣ್ಣವು, ನೋಡಲು ಎಲ್ಲ ಒಂದೇ ಥರ. ಒಂದೊಂದನ್ನೂ ಎತ್ತಿ 16ಎಸ್ ಅನ್ನುವ ಸುಮಾರು 1,500 ಅಕ್ಷರದ ಜೀನ್ ಓದಿ ಜಾತಿ ಹೇಳುತ್ತಾರೆ. ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಕುಲದ ಪ್ಲಾಂಟಾರಮ್ ಮತ್ತು ಪೆಂಟೋಸಸ್ ಜಾತಿಗಳ ಥರದ ಹತ್ತಿರದ ನೆಂಟರನ್ನು ಇಷ್ಟರಿಂದ ಬೇರೆ ಮಾಡಲಾಗದು, ತಳಿ ಗುರುತಿಸುವುದಂತೂ ದೂರ. ಅದಕ್ಕೆ ಪೂರ್ತಿ ಜೀನೋಮ್ ಓದಬೇಕು.

ಓದಿದಾಗ ತುಂಬ ಸಂಗತಿ ಹೊರಗೆ ಬರುತ್ತದೆ. ಹಾಲಿನಲ್ಲೇ ಬದುಕುವ ಬಲ್ಗೇರಿಕಸ್‌ನ ಜೀನೋಮ್ ಸುಮಾರು 19 ಲಕ್ಷ ಅಕ್ಷರ, ಬೇಡದ ಜೀನ್‌ಗಳನ್ನು ಕಳೆದುಕೊಳ್ಳುತ್ತಾ ಬಂದಿದೆ. ಹಿಟ್ಟು, ಸೊಪ್ಪು, ಉಪ್ಪುನೀರು, ಕರುಳು ಎಲ್ಲ ಕಡೆ ಸಿಗುವ ಪ್ಲಾಂಟಾರಮ್‌ನದ್ದು 33 ಲಕ್ಷ. ಎಲ್ಲೆಲ್ಲೂ ಬದುಕಲು ಬೇಕಾದ ಸಲಕರಣೆ ಅದರ ಹತ್ತಿರ ಇದೆ. ಪಿತ್ತರಸ ಸಹಿಸುವ ಜೀನ್ ಇದೆಯಾ ಅಂತ ನೋಡುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಆಂಟಿಬಯೋಟಿಕ್‌ಗೆ ಬಗ್ಗದ ಜೀನ್ ಪ್ಲಾಸ್ಮಿಡ್‌ನಲ್ಲಿ ಕೂತಿದೆಯಾ ಅಂತ ನೋಡಬೇಕು. ಎಳೆ ಬಿಡುವ ಜೀನ್‌ನ ಬಳೆ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಹಾಗೆಯೇ ಅದೂ ದಾಟಿ ರೋಗಾಣುವಿನ ಕೈ ಸೇರಬಹುದು. ಎಂಟರೊಕಾಕಸ್ ಸಿಕ್ಕಿದೆ ಅಂದರೆ ನನಗೆ ಮೊದಲು ಏಳುವ ಪ್ರಶ್ನೆ ಇದೇ.

ಇದಾದ ಮೇಲೆ ಆಮ್ಲದಲ್ಲಿ ಇಟ್ಟು ನೋಡುವುದು, 0.3 ಶೇಕಡಾ ಪಿತ್ತಲವಣದಲ್ಲಿ ಬೆಳೆಸುವುದು, ಕರುಳಿನ ಕೋಶಕ್ಕೆ ಅಂಟುತ್ತದಾ ಅಂತ ನೋಡುವುದು. ಎಲ್ಲದರಲ್ಲೂ ಪಾಸಾದರೂ ಅದು ಉಮೇದುವಾರ ಮಾತ್ರ, ಕೆಲಸ ಸಿಕ್ಕಿರುವುದಿಲ್ಲ. ಕೆಲಸ ಸಿಕ್ಕ ಒಂದು ತಳಿಯ ಕತೆ ನಮ್ಮ ದೇಶದ್ದೇ. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಪ್ಲಾಂಟಾರಮ್‌ನ ಒಂದು ತಳಿಯನ್ನು ಅದಕ್ಕೆ ಬೇಕಾದ ನಾರಿನ ಜೊತೆ ಏಳು ದಿನ ಕೊಟ್ಟಾಗ ಮೈಯೆಲ್ಲ ಹರಡುವ ನಂಜು (ಸೆಪ್ಸಿಸ್) ಮತ್ತು ಸಾವು ಒಟ್ಟಾಗಿ 9 ಶೇಕಡಾದಿಂದ 5.4ಕ್ಕೆ ಇಳಿಯಿತು. ಅದೇ ಜಾತಿ ಹುದುಗಿದ ಹಿಟ್ಟಿನಲ್ಲೂ ಸಿಗುತ್ತದೆ. ಆದರೆ ಆ ಮಕ್ಕಳಿಗೆ ಕೊಟ್ಟದ್ದು ಆ ತಳಿಯನ್ನು, ಹಿಟ್ಟನ್ನಲ್ಲ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗಂತೂ ಪ್ರೋಬಯೋಟಿಕ್‌ನಿಂದ ಅಪಾಯ ಆಗಬಹುದು ಅಂತ 2023ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ (ಎಫ್‌ಡಿಎ) ಎಚ್ಚರಿಸಿದೆ. ಕೀಮೋಥೆರಪಿಯಲ್ಲಿ ಇರುವವರು, ಅಂಗಾಂಗ ಕಸಿ ಆದವರು, ಐಸಿಯುನಲ್ಲಿ ಇರುವವರು ಪೊಟ್ಟಣವನ್ನಾಗಲಿ ಮನೆಯಲ್ಲಿ ಹುದುಗಿಸಿದ್ದನ್ನಾಗಲಿ ಡಾಕ್ಟರನ್ನು ಕೇಳದೆ ತಗೋಬಾರದು.

ಹಾಗಾದರೆ ಯಾರಿಗೆ ಯಾವುದು?

ಆರೋಗ್ಯವಾಗಿ ಇದ್ದೀರಿ, ಹೊಟ್ಟೆ ಚೆನ್ನಾಗಿರಲಿ ಅಂತ ಆಸೆ ಅಷ್ಟೇ ಅಂದರೆ ಕ್ಯಾಪ್ಸೂಲಿಗೆ ದುಡ್ಡು ಹಾಕಬೇಡಿ. ಸ್ಟ್ಯಾನ್‌ಫರ್ಡ್‌ನಲ್ಲಿ 36 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತು ವಾರ ಮೊಸರು, ಕೆಫಿರ್ (ಹುದುಗಿಸಿದ ಹಾಲು), ಕಿಮ್ಚಿ (ಕೊರಿಯಾದ ಹುದುಗಿಸಿದ ತರಕಾರಿ) ಥರದ ಹುದುಗಿದ ಆಹಾರ ಹೆಚ್ಚು ತಿಂದವರ ಕರುಳಿನ ಬ್ಯಾಕ್ಟೀರಿಯಾ ವೈವಿಧ್ಯ ಏರಿತು, ಉರಿಯೂತದ ಗುರುತುಗಳು ಇಳಿದವು. ಚಿಕ್ಕ ಅಧ್ಯಯನ ನಿಜ. ಆದರೂ ಮಧ್ಯಾಹ್ನ ತಂಬುಳಿ, ರಾತ್ರಿ ಮಜ್ಜಿಗೆ ಅನ್ನ ಇಟ್ಟುಕೊಳ್ಳಲು ಅಷ್ಟು ಸಾಕು ಅನ್ನುವುದು ನನ್ನ ಅಭಿಪ್ರಾಯ. ಹಾಲು ಒಗ್ಗದವರಿಗೆ ಮೊಸರು, ಹಾಲೇ ಬೇಡ ಅನ್ನುವವರಿಗೆ ಕಾಂಜಿ. ಆಂಟಿಬಯೋಟಿಕ್ ಭೇದಿಯ ಭಯ ಇದ್ದರೆ ಪರೀಕ್ಷೆ ಆದ ತಳಿ, ಡಾಕ್ಟರನ್ನು ಕೇಳಿ. ಭೇದಿ ಶುರುವಾಗಿದ್ದರೆ ಎಲ್ಲಕ್ಕಿಂತ ಮೊದಲು ಓಆರ್‌ಎಸ್.

ಅಕ್ಕ ಆ ಪೊಟ್ಟಣದ ಫೋಟೋ ಕಳಿಸಿದಳು. "ಲ್ಯಾಕ್ಟಿಕ್ ಆಸಿಡ್ ಬ್ಯಾಸಿಲಸ್" ಅಂತ ಮಾತ್ರ ಇತ್ತು, ಜಾತಿಯೂ ಇಲ್ಲ, ತಳಿಯೂ ಇಲ್ಲ. ಡಾಕ್ಟರಿಗೆ ಫೋನ್ ಮಾಡು ಅಂದೆ. ಅವರು ಯೀಸ್ಟಿನ ಪೊಟ್ಟಣ ಬರೆದುಕೊಟ್ಟರು, ಓಆರ್‌ಎಸ್ ನಿಲ್ಲಿಸಬೇಡಿ ಅಂದರು, ಮೊಸರನ್ನ ಕೊಡಬಹುದು ಅಂತಲೂ ಹೇಳಿದರು. ಮೊಸರನ್ನದ ಮಾತು ಕೇಳಿದ್ದೇ ಅಕ್ಕನಿಗೆ ಸಮಾಧಾನ. ಮುಂದಿನ ವಾರ ಬರುವಾಗ ನಿನ್ನ ಹೆಪ್ಪು ತಗೊಂಡು ಬಾ, ನಮ್ಮನೆಯದು ಬರೀ ಹುಳಿ ಆಗ್ತಿದೆ ಅಂದಿದ್ದಾಳೆ. ಚಿಕ್ಕ ಸ್ಟೀಲ್ ಡಬ್ಬಿಯಲ್ಲಿ ಎರಡು ಚಮಚ ಗಟ್ಟಿ ಮೊಸರು ಫ್ರಿಜ್ಜಿನಲ್ಲಿ ಇಟ್ಟು, ರಾತ್ರಿ ಬಸ್ ಹತ್ತುವ ಮುಂಚೆ ಒದ್ದೆ ಬಟ್ಟೆ ಸುತ್ತಿ ತಗೊಂಡು ಹೋಗುತ್ತೇನೆ.